ಜಪಾನಿ ಸೂಪಿನ ತಿಳಿ ಸಾರು ‘ದಾಶಿ’ಯನ್ನು ಮೀನಿಲ್ಲದೆ ಮನೆಯಲ್ಲಿ ಮಾಡಬಹುದೇ?

ಖಂಡಿತ ಮಾಡಬಹುದು. ಜಪಾನಿನ ಬೌದ್ಧ ಮಠಗಳ ಅಡುಗೆಯಲ್ಲಿ ಮೀನು ಹಾಕುವುದೇ ಇಲ್ಲ. ‘ಕೊಂಬು’ ಎಂಬ ಒಣಗಿಸಿದ ಕಡಲಪಾಚಿ, ಒಣ ಶಿಟಾಕೆ ಅಣಬೆ, ಇಷ್ಟರಲ್ಲೇ ದಾಶಿ ಆಗುತ್ತದೆ.

ಒಂದು ಲೀಟರ್ ನೀರಿಗೆ 10 ಗ್ರಾಂ ಕೊಂಬು ಸಾಕು. ಅದರ ಮೇಲೆ ವಿಭೂತಿ ಬಳಿದ ಹಾಗೆ ಬಿಳಿ ಪುಡಿ ಇರುತ್ತದೆ. ಧೂಳು ಅಂತ ತೊಳೆದುಬಿಡಬೇಡಿ, ಅದರಲ್ಲೂ ರುಚಿ ಇದೆ. ಒದ್ದೆ ಬಟ್ಟೆಯಲ್ಲಿ ಸುಮ್ನೆ ಒಮ್ಮೆ ಒರೆಸಿ, ಅರ್ಧ ಗಂಟೆ ನೆನೆಸಿಡಿ. ಆಮೇಲೆ ಸಣ್ಣ ಉರಿಯಲ್ಲಿ ಕಾಯಿಸಿ. ಪಾತ್ರೆಯ ಅಂಚಿನಲ್ಲಿ ಚಿಕ್ಕ ಗುಳ್ಳೆಗಳು ಕಾಣಿಸಿದ ಕೂಡಲೇ ಕೊಂಬನ್ನು ತೆಗೆಯಿರಿ. ಕುದಿಸಿದರೆ ಲೋಳೆ ಬಿಟ್ಟು ಕಹಿಯಾಗುತ್ತದೆ. ನಾನು ಗಡಿಬಿಡಿಯಲ್ಲಿ ಒಮ್ಮೆ ಕುದಿಸಿ ಇಡೀ ಪಾತ್ರೆ ಕೆಡಿಸಿದ್ದೇನೆ.

ಅಣಬೆ ಬೇಕಿದ್ದರೆ ಮೂರ್ನಾಲ್ಕನ್ನು ತಣ್ಣೀರಿನಲ್ಲಿ ಫ್ರಿಜ್‌ನೊಳಗೆ ರಾತ್ರಿಯಿಡೀ ನೆನೆಸಿ, ಆ ನೀರನ್ನು ಸೇರಿಸಿ. ಜಾಸ್ತಿ ಬೇಡ, ಅದರ ವಾಸನೆ ಜೋರು.

1908ರಲ್ಲಿ ಜಪಾನಿನ ರಸಾಯನಶಾಸ್ತ್ರಜ್ಞ ಕಿಕುನಾಯೆ ಇಕೆಡಾ ಇದೇ ಕೊಂಬಿನಿಂದ ರುಚಿ ಕೊಡುವ ‘ಗ್ಲುಟಮೇಟ್’ ಎಂಬ ಅಂಶವನ್ನು ಬೇರ್ಪಡಿಸಿ, ಆ ರುಚಿಗೆ ‘ಉಮಾಮಿ’ ಎಂದು ಹೆಸರಿಟ್ಟರು. ಒಂದು ಚಮಚ ದಾಶಿ ಬಾಯಿಗೆ ಹಾಕಿಕೊಂಡರೆ ಏನದು ಅಂತ ತಿಳಿಯುತ್ತದೆ.

ಈ ದಾಶಿಯಲ್ಲಿ ಮಿಸೊ (ಸೋಯಾ ಕಾಳು ಹುದುಗಿಸಿ ಮಾಡಿದ ಪೇಸ್ಟ್) ಸೂಪ್ ಮಾಡುವುದಾದರೆ ಮೊದಲು ತೋಫು (ಸೋಯಾ ಪನೀರ್), ತರಕಾರಿ ಬೇಯಿಸಿ. ಉರಿ ಆರಿಸಿದ ಮೇಲೆ, ಬಟ್ಟಲಿಗೆ ಸುಮಾರು ಒಂದು ದೊಡ್ಡ ಚಮಚದಂತೆ ಮಿಸೊವನ್ನು ಸೌಟಿನಲ್ಲೇ ಕರಗಿಸಿ ಬಿಡಿ. ಮತ್ತೆ ಕುದಿಸಿದರೆ ಅದರ ಘಮ ಹೋಗಿಬಿಡುತ್ತದೆ.