ಸಾಫ್ಟ್‌ವೇರ್‌ನ ಕಮಾಂಡ್‌ಗಳಿಗೆ ಥಟ್ಟನೆ ಅರ್ಥವಾಗುವ ಹೆಸರು ಇಡುವುದು ಹೇಗೆ?

ಎಲ್ಲರಿಗೂ ತಾನಾಗಿ ಹೊಳೆಯುವ ಹೆಸರು ಸಿಗುತ್ತದೆ ಅನ್ನುವ ಆಸೆ ಮೊದಲು ಬಿಡಿ. 1987ರಲ್ಲಿ ಸಂಶೋಧಕ ಜಾರ್ಜ್ ಫರ್ನಾಸ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದಲ್ಲಿ, ಇಬ್ಬರು ಒಂದೇ ವಿಷಯಕ್ಕೆ ಒಂದೇ ಪದ ಆರಿಸುವ ಸಾಧ್ಯತೆ ಶೇ. 20ಕ್ಕಿಂತ ಕಡಿಮೆ ಇತ್ತು. ನಿಮಗೆ ಸಹಜ ಅನಿಸಿದ್ದು ಪಕ್ಕದವರಿಗೆ ಹೊಳೆಯದೇ ಇರಬಹುದು. ಅದಕ್ಕೇ ಹುಡುಕುವ ಜಾಗದಲ್ಲಿ 'ಅಳಿಸು', 'ತೆಗೆ', 'ಡಿಲೀಟ್' ಯಾವುದನ್ನು ಟೈಪ್ ಮಾಡಿದರೂ ಅದೇ ಕಮಾಂಡ್ ಸಿಗಬೇಕು. ತೆರೆಯ ಮೇಲೆ ಮಾತ್ರ ಒಂದೇ ಹೆಸರು, ಎಲ್ಲ ಕಡೆಯೂ ಅದೇ.

ಒಳಗೆ ಕೋಡ್ ಏನು ಮಾಡುತ್ತದೆ ಅಂತಲ್ಲ, ಬಳಸುವವರಿಗೆ ಏನು ಸಿಗುತ್ತದೆ ಅಂತ ನೋಡಿ. 'ಸಿಂಕ್ ಆರಂಭಿಸು' ಅನ್ನುವುದಕ್ಕಿಂತ 'ಫೋಟೊ ಬ್ಯಾಕಪ್ ಮಾಡು' ವಾಸಿ. ಆರ್ಡರ್ ರದ್ದು ಮಾಡಲು ಹೋದಾಗ 'ಸರಿ', 'ರದ್ದು' ಅಂತ ಎರಡು ಬಟನ್ ಬಂದರೆ ಯಾವುದನ್ನು ಒತ್ತುವುದು? ತಲೆ ಕೆಡುತ್ತದೆ, ಅಲ್ವಾ? 'ಆರ್ಡರ್ ರದ್ದು ಮಾಡು', 'ಆರ್ಡರ್ ಇರಲಿ' ಅಂತ ಬರೆಯಿರಿ. ಪದ ಜಾಸ್ತಿಯಾದರೂ ಪರವಾಗಿಲ್ಲ.

'ಸೇವ್', 'ಕಾಪಿ' ತರಹ ಜನರ ಬಾಯಲ್ಲಿ ಕೂತಿರುವ ಪದಗಳನ್ನು ಸುಮ್ನೆ ಬದಲಿಸಬೇಡಿ. ಅನುಮಾನ ಇದ್ದರೆ ಬರೀ ಮೆನು ತೋರಿಸಿ, ಕೆಲಸ ಹೇಳಿ, ಯಾವುದನ್ನು ಒತ್ತುತ್ತೀರಿ ಅಂತ ನಾಲ್ಕಾರು ಹೊಸಬರನ್ನು ಕೇಳಿ. ಸಹೋದ್ಯೋಗಿಗಳನ್ನು ಕೇಳಿ ಪ್ರಯೋಜನವಿಲ್ಲ, ಅವರಿಗೆ ಉತ್ತರ ಮೊದಲೇ ಗೊತ್ತಿರುತ್ತದೆ.