ಬಂದೂಕು ಆಮ್ಯಾಲೆ, ಮೊದಲ ಕ್ಲಬ್ಬು

ತಮ್ಮಾ, ನಿನ್ನ ಪ್ರಶ್ನೆ ಓದಿದೆ. ಹುಬ್ಬಳ್ಳಿಯೊಳಗ ಬಿಇ ಮುಗಿಸಿ, ಎಂಎಸ್ಸಿಗಂತ ಸೆಪ್ಟೆಂಬರಿಗೆ ಬ್ರಿಟನ್ನಿಗೆ ಹೊಂಟೀದಿ. ಎನ್‌ಸಿಸಿಯೊಳಗ ಹೊಡೆದ ಪಾಯಿಂಟ್ ಟೂಟೂ (0.22 ಇಂಚಿನ ಸಣ್ಣ ಗುಂಡಿನ) ರೈಫಲ್ಲಿನ ಹುಚ್ಚು ಇನ್ನೂ ಬಿಟ್ಟಿಲ್ಲ. ಅಲ್ಲಿ ಲೈಸನ್ಸ್ ಎಷ್ಟ ದಿನಕ್ಕ ಸಿಗತೈತಿ, ಇಲ್ಲಿಂದ ಏರ್ ರೈಫಲ್ ಒಯ್ಯಬಹುದೇನು ಅಂತ ಕೇಳೀದಿ. ನಾನೂ ಧಾರವಾಡದಾವ, ಬ್ರಿಟನ್ನಿನ್ಯಾಗ ನೆಲೆ ನಿಂತು ಭಾಳ ವರ್ಷ ಆತು. ಈಗ ರಜಾಕ್ಕಂತ ಮನೀಗೆ ಬಂದೀನಿ, ಪುರಸೊತ್ತೂ ಐತಿ. ಅದಕ್ಕ ಸ್ವಲ್ಪ ಉದ್ದ ಬರೀತೀನಿ.

ಲೈಸನ್ಸ್ ವಿಚಾರ ಸದ್ಯಕ್ಕ ತಲಿಯಿಂದ ತಗದಬಿಡು. ಹಾನಗಲ್ ಕಡೆ ಕಾಡಿನ ಅಂಚಿಗೆ ಹೊಲ ಇದ್ದವರು ಹಂದಿ ಕಾಟಕ್ಕಂತ ಬೆಳೆ ರಕ್ಷಣೆ ಲೈಸನ್ಸ್ ಮಾಡಿಸಿ ಬಂದೂಕು ಇಟಗೊಂಡಿರತಾರ, ಎಲೆಕ್ಷನ್ ಬಂತಂದ್ರ ಠಾಣೇಕ ಒಯ್ದು ಜಮಾ ಮಾಡತಾರ. ಇದನ್ನ ನೋಡಿ ಬೆಳೆದ ನಮಗ, ಕಾಗದ ಕೈಗೆ ಬಂದ ಮ್ಯಾಲೆನ ಬಂದೂಕು ಅನ್ನೂದು ರೂಢಿ. ಅಲ್ಲಿ ಗುರಿ ಹೊಡಿಯವರಿಗೆ ದಾರಿ ಬ್ಯಾರೆ. ಗೃಹ ಇಲಾಖೆ ಒಪ್ಪಿಗೆ ಕೊಟ್ಟ ರೈಫಲ್ ಕ್ಲಬ್ ಅದಾವ. ಅಂಥಾ ಕ್ಲಬ್ಬಿನ ಸದಸ್ಯ ಆದವ ಕ್ಲಬ್ಬಿನ ರೈಫಲ್ ತಗೊಂಡು ಹೊಡಿಯಾಕ ಸ್ವಂತ ಸರ್ಟಿಫಿಕೇಟ್ (ಅಲ್ಲಿ ಲೈಸನ್ಸಿಗೆ ಹಿಂಗಂತಾರ) ಬೇಕಾಗಿಲ್ಲ. 1988ರ ಬಂದೂಕು ತಿದ್ದುಪಡಿ ಕಾಯ್ದೆಯೊಳಗ ಈ ಸವಲತ್ತು ಐತಿ. ಎಷ್ಟೋ ಮಂದಿ ವರ್ಷಾನುಗಟ್ಟಲೆ ಹಿಂಗ ಹೊಡಿತಾರ, ಒಂದೂ ಬಂದೂಕು ಕೊಳ್ಳೂದಿಲ್ಲ.

ಆದ್ರ ಹೋದ ಕೂಡಲೆ ಪೂರ್ಣ ಸದಸ್ಯ ಮಾಡಿಕೊಳ್ಳೂದಿಲ್ಲ. ಕಡಿಮಿ ಅಂದ್ರೂ ಮೂರು ತಿಂಗಳು ಪ್ರೊಬೇಷನ್, ಅಂದ್ರ ಪರೀಕ್ಷಾ ಅವಧಿ. ಆ ಅವಧಿಯೊಳಗ ತಪ್ಪದ ಬರಬೇಕು, ಸುರಕ್ಷತೆ ಪಾಠ ಮುಗಿಸಬೇಕು, ಅನುಭವ ಇದ್ದಾವ ಒಬ್ಬ ನಿನ್ನ ಪಕ್ಕದಾಗ ಇರ್ತಾನ. ನಿನ್ನ ಹೆಸರು ಪೊಲೀಸರಿಗೂ ಹೋಗತೈತಿ. ಅರ್ಜಿಯೊಳಗ ಜೈಲು ಶಿಕ್ಷೆ ಏನರ ಆಗೇತೇನು ಅಂತ ಕೇಳತಾರ; ಮೂರು ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಶಿಕ್ಷೆ ಆದವರು ಜೀವನಪರ್ಯಂತ ಬಂದೂಕು ಮುಟ್ಟಂಗಿಲ್ಲ. ನಿನಗ ಅದು ಸಂಬಂಧ ಇಲ್ಲ ಬಿಡು. ಆದ್ರ ಯಾವ ಫಾರ್ಮಿನ್ಯಾಗೂ ಸಣ್ಣ ಸುಳ್ಳೂ ಬರಿಬ್ಯಾಡ. ವಶೀಲಿ ಹಚ್ಚಿ ಸರಿ ಮಾಡಸ್ತೀನಿ ಅನ್ನೂದು ಅಲ್ಲಿ ನಡಿಯೂದಿಲ್ಲ.

ಇನ್ನ ಹೊಡಿಯೂ ಮಾತು. ಬಹಳಷ್ಟು ಕ್ಲಬ್ಬಿನ್ಯಾಗ ಚಳಿಗಾಲದ ಆಟ ಅಂದ್ರ 25 ಗಜದ ಒಳಾಂಗಣ ರೇಂಜ್, ಮಲಗಿ ಹೊಡಿಯೂದು. ನಿನ್ನ ಎನ್‌ಸಿಸಿ ಫೈರಿಂಗಿನಷ್ಟ ದೂರ, ಅದ ಪಾಯಿಂಟ್ ಟೂಟೂ. ಆದ್ರ ಸಾಮ್ಯ ಅಲ್ಲಿಗೆ ಮುಗೀತು. ಎನ್‌ಸಿಸಿ ರೈಫಲ್ಲಿನ ತೆರೆದ ಸೈಟ್ (ಗುರಿ ನೋಡೂ ಕಿಂಡಿ) ಅಲ್ಲಿ ಇಲ್ಲ. ಹಿಂದ ಸಣ್ಣ ತೂತು, ಮುಂದ ಒಂದು ಉಂಗುರ, ಆ ಉಂಗುರದ ನಟ್ಟನಡುವ ಕರೀ ವೃತ್ತ ಕೂಡಿಸಬೇಕು. ದಪ್ಪ ಜಾಕೆಟ್, ಎಡಗೈಗೆ ಗ್ಲೌಸ್, ತೋಳಿಗೆ ಸ್ಲಿಂಗ್, ಅಂದ್ರ ರೈಫಲ್ಲಿಗೆ ಕಟ್ಟಿದ ಪಟ್ಟಿ. ರೈಫಲ್ಲಿನ ಭಾರ ಆ ಸ್ಲಿಂಗ್ ಹೊರಬೇಕು, ನಿನ್ನ ಸ್ನಾಯು ಅಲ್ಲ. ಇದು ಮೈಗೆ ಹತ್ತಾಕ ತಿಂಗಳುಗಟ್ಟಲೆ ಹಿಡಿತೈತಿ, ಮೊದಮೊದಲ ಕೈ ಜೋಮು ಹಿಡಿತೈತಿ. ಕಾರ್ಡಿನ ಮ್ಯಾಲೆ ಹತ್ತು ಗುರಿ, ಒಂದೊಂದಕ್ಕ ಒಂದ ಗುಂಡು, ಒಟ್ಟು 100 ಅಂಕ. ಹೊಡೆದ ಕಾರ್ಡ್ ಅಂಚೆಯೊಳಗ ಕಳಿಸಿ ಆಡೂ ಲೀಗ್ ಅದಾವ: ಎದುರಾಳಿ ಎಲ್ಲೋ ದೂರದ ಊರಾಗ ತನ್ನ ರೇಂಜಿನ್ಯಾಗ ಹೊಡಿತಾನ, ನೀ ನಿನ್ನ ರೇಂಜಿನ್ಯಾಗ, ಮೂರನೇದಾವ ಒಬ್ಬ ಅಳದು ಅಂಕ ಹಾಕತಾನ. ನಾ ಕಂಡ ಆಟದಾಗ ಇಷ್ಟ ಸದ್ದಿಲ್ಲದ ಸ್ಪರ್ಧೆ ಬ್ಯಾರೆ ಇಲ್ಲ, ನನಗ ಭಾಳ ಸೇರತೈತಿ.

ರೇಂಜಿನ ಶಿಸ್ತು ನಿನಗ ಹೊಸದಲ್ಲ. ಒಂದ ಫರಕು: ಅಪಾಯ ಕಂಡ್ರ ‘ಸ್ಟಾಪ್’ ಅಂತ ಯಾರು ಬೇಕಾದ್ರೂ ಕೂಗಬಹುದು, ನಿನ್ನಿ ಸೇರಿದ ಹುಡುಗನೂ. ಕೂಗಿದ್ರ ಯಾರೂ ಸಿಟ್ಟಾಗೂದಿಲ್ಲ. ನಮ್ಮ ಕಡೆ ‘ಉಸ್ತಾದ್’ (ಕಲಿಸೂ ಫೌಜಿ) ಹೇಳೂ ತನಕ ತುಟಿ ಬಿಚ್ಚದ ರೂಢಿ. ಅದನ್ನ ಅಲ್ಲಿಗೆ ಒಯ್ಯಬ್ಯಾಡ.

ಸ್ವಂತ ರೈಫಲ್ ಬೇಕ ಬೇಕು ಅಂದ್ರ 1968ರ ಬಂದೂಕು ಕಾಯ್ದೆ ಪ್ರಕಾರ ಪೊಲೀಸರ ಕಡೆಯಿಂದ ಸರ್ಟಿಫಿಕೇಟ್ ತಗೋಬೇಕು. ಹೊಸದಕ್ಕ 2025ರ ಫೆಬ್ರವರಿಯಿಂದ ಫೀ 198 ಪೌಂಡ್, ಬಾಳಿಕೆ ಐದು ವರ್ಷ. ಫೀಗಿಂತ ನಿನ್ನ ಅಡಚಣೆ ಬ್ಯಾರೆ. ಬ್ರಿಟನ್ನಿನ್ಯಾಗ ವಾಸ ಇರೂ ಇಬ್ಬರು, ನಿನ್ನನ್ನ ಖುದ್ದ ಎರಡು ವರ್ಷದಿಂದ ಬಲ್ಲವರು, ನಿನ್ನ ಪರವಾಗಿ ಬರಕೊಡಬೇಕು. ಒಂದ ವರ್ಷದ ಎಂಎಸ್ಸಿಗೆ ಹೋದಾವ ಅಂಥವರನ್ನ ಎಲ್ಲಿಂದ ತರ್ತೀ? ಮ್ಯಾಲೆ ವೈದ್ಯರ ಮಾಹಿತಿ, ಮನೀಗೆ ಪೊಲೀಸರ ಭೇಟಿ, ಗ್ವಾಡಿಗೆ ಬೋಲ್ಟ್ ಹಾಕಿದ ಕಬ್ಬಿಣದ ಕಪಾಟು. ಅದರ ಕೀಲಿ ಎಲ್ಲಿ ಐತಿ ಅನ್ನೂದು ಸರ್ಟಿಫಿಕೇಟ್ ಇಲ್ಲದ ಹೆಂಡತಿಗೂ ಗೊತ್ತಿರಬಾರದು. ನಮ್ಮ ಮನಿಯಾಗ ಇದರ ಮ್ಯಾಲೆ ಜಗಳನ ಆಗೇತಿ. ನಾಕು ಮಂದಿ ಕೂಡಿ ಬಾಡಿಗಿ ಇರೂ ಮನಿಯಾಗ ಇದೆಲ್ಲಾ ಆಗೂ ಮಾತಲ್ಲ. ಎಷ್ಟು ಗುಂಡು ಇಟಕೋಬಹುದು ಅನ್ನೂದನ್ನೂ ಅದರಾಗ ಬರದಿರ್ತಾರ. ‘ಆತ್ಮರಕ್ಷಣೆಗೆ’ ಅನ್ನೂ ಕಾರಣ ಅಲ್ಲಿ ನಡಿಯೂದಿಲ್ಲ, ಬಾಯಿತಪ್ಪಿನೂ ಅನಬ್ಯಾಡ. ಪಿಸ್ತೂಲಿನ ಆಸೆ ಇದ್ರ ಏರ್ ಪಿಸ್ತೂಲಿಗೆ ತೃಪ್ತಿಪಡು. 1996ರಾಗ ಸ್ಕಾಟ್ಲೆಂಡಿನ ಡನ್‌ಬ್ಲೇನ್ ಶಾಲೆ ಹತ್ಯಾಕಾಂಡ ಆದ ಮ್ಯಾಲೆ, 1997ರಾಗ ಗುಂಡಿನ ಪಿಸ್ತೂಲನ್ನ ಹೆಚ್ಚುಕಡಿಮಿ ಪೂರಾ ಬಂದ್ ಮಾಡ್ಯಾರ.

ಏರ್ ರೈಫಲ್ ಇಲ್ಲಿಂದ ಒಯ್ಯೂ ವಿಚಾರ ಬಿಡು, ವಿಮಾನ ನಿಲ್ದಾಣದಾಗ ತಲಿನೋವು ಯಾಕ? ಇಂಗ್ಲೆಂಡ್ ಮತ್ತ ವೇಲ್ಸಿನ್ಯಾಗ 12 ಫುಟ್-ಪೌಂಡ್ (ಹೊಡೆತದ ಜೋರಿನ ಅಳತಿ) ಒಳಗಿನ ಏರ್ ರೈಫಲ್ಲಿಗೆ ಸರ್ಟಿಫಿಕೇಟ್ ಬ್ಯಾಡ, 18 ವರ್ಷ ತುಂಬಿದ್ರ ಅಲ್ಲೇ ಕೊಳ್ಳಬಹುದು. ಆದ್ರ ಸ್ಕಾಟ್ಲೆಂಡಿನ್ಯಾಗ 2016ರ ಕೊನೆಯಿಂದ ಅದಕ್ಕೂ ಸರ್ಟಿಫಿಕೇಟ್ ಬೇಕು, ಉತ್ತರ ಐರ್ಲೆಂಡಿನ ನಿಯಮ ಇನ್ನೂ ಬಿಗಿ. ಸೀಟು ಯಾವ ಊರಾಗ ಸಿಕ್ಕೇತಿ ನೋಡಕೊ. ಮತ್ತ ಗುಂಡು ತುಂಬಿರದಿದ್ರೂ ಸಕಾರಣ ಇಲ್ದ ಏರ್ ಗನ್ ಹಿಡಕೊಂಡು ಸಾರ್ವಜನಿಕ ಜಾಗಾದಾಗ ಓಡಾಡಿದ್ರ ಅಪರಾಧ. ಪಾರ್ಕಿನ್ಯಾಗ ಫೋಟೋ ಹೊಡಸ್ಕೊಳ್ಳೂ ಹುಚ್ಚಾಟ ಬ್ಯಾಡ, ವೀಸಾಕ್ಕ ಕುತ್ತು.

ಬಿಸ್ಲಿ ರೇಂಜಿನ ಬಗ್ಗೆನೂ ಕೇಳೀದಿ. ಸರ್ರೆಯೊಳಗ ಐತಿ, 1890ರಿಂದ ರಾಷ್ಟ್ರೀಯ ರೈಫಲ್ ಸಂಘದ ದೊಡ್ಡ ಕೂಟ ಅಲ್ಲೇ, ಜುಲೈದಾಗ. ದೊಡ್ಡ ಗುಂಡಿನ ರೈಫಲ್, 300 ರಿಂದ 1000 ಗಜ, ಗಾಳಿ ಬಾವುಟ ನೋಡಿ ಲೆಕ್ಕ ಹಾಕೂ ವಿದ್ಯೆ. ಮೊದಲ ವರ್ಷ ಪ್ರೇಕ್ಷಕ ಆಗಿ ಹೋಗಿ ಬಾ, ಸಾಕು.

ಮೊದಲ ವಿಶ್ವವಿದ್ಯಾಲಯದ ರೈಫಲ್ ಕ್ಲಬ್ ಐತೇನು ವಿಚಾರಸು. ಟರ್ಮ್ ಶುರು ಆಗೂ ವಾರದಾಗ ಎಲ್ಲಾ ಸಂಘದವರೂ ಟೇಬಲ್ ಹಾಕಿ ಕುಂತಿರತಾರ. ಅಲ್ಲಿ ಇಲ್ಲಂದ್ರ ಊರಿನ ಕ್ಲಬ್ಬಿನ ಸೆಕ್ರೆಟರಿಗೆ ಈಮೇಲ್ ಬರಿ, ಹೇಳದ ಕೇಳದ ಬಾಗಲಕ್ಕ ಹೋಗಿ ನಿಂದ್ರಬ್ಯಾಡ. ಎನ್‌ಸಿಸಿ ಸರ್ಟಿಫಿಕೇಟ್ ಐತಿ ಅಂತ ಒಂದ ಸಾಲು ಬರದ್ರ ಸಾಕು, ಗ್ರೂಪಿಂಗ್ (ಗುಂಡು ಬಿದ್ದ ತೂತುಗಳ ಹರವು) ಎಷ್ಟ ಸೆಂಟಿಮೀಟರಿತ್ತು ಅಂತ ಹೇಳಾಕ ಹೋಗಬ್ಯಾಡ. ಯಾವ ದಿನ ಬಂದು ನೋಡ್ಲಿ ಅಂತಷ್ಟ ಕೇಳು.