ಒಂಬತ್ತು ದಿನದ ಬುತ್ತಿ

ಹೆಂಡತಿಗೆ ಮೊದಲು ಅನುಮಾನ ಬಂದದ್ದು ಶರ್ಟಿನಿಂದ. ಮಲ್ಪೆ ಬಂದರಿನಲ್ಲಿ ದುಡಿಯುವವರ ಬಟ್ಟೆಗೆ ಎಷ್ಟು ಒಗೆದರೂ ಮೀನಿನ ವಾಸನೆ ಬಿಡುವುದಿಲ್ಲ. ಇವರ ಗಂಡನ ಶರ್ಟಿಗೆ ಒಂದು ವಾರದಿಂದ ವಾಸನೆಯೇ ಇಲ್ಲ. ಬೆಳಿಗ್ಗೆ ಏಳಕ್ಕೆ ಬುತ್ತಿ ಹಿಡಿದು ಹೊರಡುತ್ತಾರೆ, ಸಂಜೆ ಖಾಲಿ ಡಬ್ಬಿ ತರುತ್ತಾರೆ. ಕಾಲರ್ ಮೂಸಿದರೆ ಬರೀ ಬೆವರು.

"ಬೇರೆ ಎಂತದೋ ಉಂಟು ಅಂತ ಗ್ರಹಿಸಿದೆ ಟೀಚರ್. ಹೆಂಗಸಿನ ವಿಷಯವಾ ಅಂತಲೂ ಗ್ರಹಿಸಿದೆ."

ನಾನು ಸಂಡೇ ಸ್ಕೂಲಿನಲ್ಲಿ ಪಾಠ ಮಾಡುವುದು ಬಿಟ್ಟು ಎಷ್ಟೋ ವರ್ಷವಾಯಿತು. ಆಪ್ತಸಲಹೆಗೆ ಬರುವವರು ಈಗಲೂ ಟೀಚರ್ ಅಂತಲೇ ಕರೆಯುತ್ತಾರೆ.

ಒಂಬತ್ತನೇ ದಿನ ಗಂಡ ಬಾಯಿ ಬಿಟ್ಟರು. ಕೆಲಸ ಬಿಟ್ಟಾಗಿತ್ತು. ಅಷ್ಟೂ ದಿನ ಪಡುಕೆರೆ ಕಡೆ ಹೋಗಿ, ತೆಂಗಿನ ಮರದಡಿ ಕೂತು, ಬುತ್ತಿ ಉಂಡು, ಹೊತ್ತು ಮುಳುಗುವಾಗ ಮನೆಗೆ ಬರುತ್ತಿದ್ದರು.

ಇವರ ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಬರೆಯುವುದಕ್ಕೆ ಇಬ್ಬರೂ ಒಪ್ಪಿದ್ದಾರೆ. ಹೆಸರು ಬೇಡ, ಗಂಡನನ್ನು ತೂಕದವರು ಅಂತ ಕರೆಯುತ್ತೇನೆ. ಮೀನು ಖರೀದಿಸುವ ಒಂದು ಕಡೆ 11 ವರ್ಷ ತೂಕ ಬರೆದವರು ಅವರು.

ಮೀನು ಪ್ಲಾಸ್ಟಿಕ್ ಕ್ರೇಟಿನಲ್ಲಿ ತೂಕಕ್ಕೆ ಬರುತ್ತದೆ. ಒಟ್ಟು ತೂಕದಲ್ಲಿ ಖಾಲಿ ಕ್ರೇಟಿನದ್ದನ್ನು ಕಳೆದು, ಉಳಿದದ್ದಕ್ಕೆ ದುಡ್ಡು. ಹೊಸ ಮ್ಯಾನೇಜರ್ ಬಂದ ಮೇಲೆ ಖಾಲಿ ಕ್ರೇಟಿಗೆ ಅರ್ಧ ಕಿಲೋ ಜಾಸ್ತಿ ಹಿಡಿಯಿರಿ ಅಂತ ಮಾತು ಬಂತು. ನೀರು ಇರ್ತದೆ, ಐಸ್ ಇರ್ತದೆ ಅಂತ ಸಬೂಬು. ಅರ್ಧ ಕಿಲೋ ಬೂತಾಯಿ ಎಷ್ಟು ಮಹಾ ಅನ್ನಿಸಬಹುದು. ದಿನಕ್ಕೆ ನಾನೂರು ಕ್ರೇಟು ಹೋದರೆ ಇನ್ನೂರು ಕಿಲೋ ಆಯಿತು. ತೂಕದವರು ಎರಡು ಸಲ ಆಗುವುದಿಲ್ಲ ಅಂದರು. ಮೂರನೇ ಸಲ ಪುಸ್ತಕ, ಪೆನ್ನು ಮೇಜಿನ ಮೇಲಿಟ್ಟು ಎದ್ದು ಬಂದರು. ಕಳ್ಳ ತಕ್ಕಡಿ ಕರ್ತನಿಗೆ ಅಸಹ್ಯ ಅಂತ ಬೈಬಲಿನ ಜ್ಞಾನೋಕ್ತಿಗಳ 11ನೇ ಅಧ್ಯಾಯ ಶುರುವಾಗುವುದೇ ಹಾಗೆ.

ಅವರು ಆಗುವುದಿಲ್ಲ ಅಂದದ್ದು ಸರಿ. ಅದರಲ್ಲಿ ನನಗೆ ಎರಡು ಮಾತಿಲ್ಲ. ಹೆಂಡತಿಗೂ ಇರಲಿಲ್ಲ. ಆದರೆ ತೂಕದವರು ಇದನ್ನು ಕೇಳಿಸಿಕೊಳ್ಳಲೇ ಇಲ್ಲ. ಹೆಂಡತಿ ಬಾಯಿ ತೆರೆದರೆ ಸಾಕು, "ಇವಳಿಗೆ ದುಡ್ಡೇ ಮುಖ್ಯ" ಅನ್ನುತ್ತಿದ್ದರು.

ಮೊದಲ ಭೇಟಿ ಹಾಳು ಮಾಡಿದ್ದು ನಾನು. ಸ್ವಂತ ಮನೆಯವರನ್ನು ನೋಡಿಕೊಳ್ಳದವನು ನಂಬದವನಿಗಿಂತ ಕಡೆ ಅಂತ ತಿಮೊಥೆಯನಿಗೆ ಬರೆದ ಮೊದಲ ಪತ್ರದಲ್ಲಿ ಉಂಟಲ್ವಾ, ಅದನ್ನು ಎತ್ತಿದೆ. ಅವರು ಕೂಡಲೇ ಲೂಕ 14:26 ಎತ್ತಿದರು. ತಂದೆ, ತಾಯಿ, ಹೆಂಡತಿ, ಮಕ್ಕಳನ್ನೂ ಹಗೆ ಮಾಡದವನು ನನ್ನ ಶಿಷ್ಯನಾಗಲಾರ. ನಾನು ಇನ್ನೊಂದು ಹೇಳಿದೆ, ಅವರು ಮತ್ತೊಂದು. ಮುಕ್ಕಾಲು ಗಂಟೆ ವಾಕ್ಯಕ್ಕೆ ವಾಕ್ಯ. ಹೆಂಡತಿ ಸುಮ್ನೆ ಕಿಟಕಿ ನೋಡುತ್ತಾ ಕೂತಿದ್ದರು.

ಎರಡನೇ ಸಲ ಹೆಂಡತಿಯೊಬ್ಬರನ್ನೇ ಕರೆದೆ. ಅವರು ಹೇಳಿದ ಒಂದು ಸಂಜೆಯ ಕಥೆ ನನಗೆ ಮರೆಯುವುದಿಲ್ಲ. ಕೆಲಸ ಬಿಟ್ಟ ಸುದ್ದಿ ಗೊತ್ತಾದ ವಾರವೇ ಇವರ ಮನೆಯಲ್ಲಿ ಪ್ರಾರ್ಥನಾ ಕೂಟ. ಹಾಡು, ಪ್ರಾರ್ಥನೆ ಆದ ಮೇಲೆ ಗಂಡ ಎದ್ದು ಸಾಕ್ಷಿ ಹೇಳಿದರು, ಅಂದರೆ ದೇವರು ತಮ್ಮನ್ನು ನಡೆಸಿದ ಬಗೆಯನ್ನು ಎಲ್ಲರ ಮುಂದೆ ಹೇಳಿದರು. ತಕ್ಕಡಿ, ಮ್ಯಾನೇಜರ್, ಪೆನ್ನು ಕೆಳಗಿಟ್ಟದ್ದು, ಎಲ್ಲವೂ ಬಂತು. ಜನ ಆಮೆನ್ ಅಂದರು. ಒಬ್ಬರು ಕಣ್ಣು ಒರೆಸಿಕೊಂಡರು. ಆ ಹೊತ್ತಿಗೆ ಇವರು ಅಡುಗೆ ಕೋಣೆಯಲ್ಲಿ ಪಕ್ಕದ ಮನೆಯಿಂದ ಕಡ ತಂದ ಹಾಲಿಗೆ ನೀರು ಬೆರೆಸುತ್ತಿದ್ದರು. ಬಂದವರು ಹದಿನಾಲ್ಕು ಜನ. ಹಾಲು ಅರ್ಧ ಲೀಟರ್.

"ಒಂಬತ್ತು ದಿನ ಸುಳ್ಳು ಹೇಳಿದ್ದು ಸಾಕ್ಷಿಯಲ್ಲಿ ಬರ್ಲೇ ಇಲ್ಲ ಟೀಚರ್. ತಕ್ಕಡಿಗೆ ಹೇಳಿದ ಸತ್ಯ ನನಗೂ ಹೇಳ್ಬಹುದಿತ್ತು. ನನ್ನ ಶಿಲುಬೆ ನಾನು ಹೊರ್ತೇನೆ. ಇವ್ರದ್ದನ್ನೂ ನನಗೆ ಕೇಳದೆ ನನ್ನ ಹೆಗಲಿಗೆ ಇಡುದಾ?"

ಇಡೀ ಪ್ರಕರಣ ಈ ಒಂದು ಮಾತಿನಲ್ಲೇ ಇತ್ತು ಅಂತ ನನಗೆ ಅನ್ನಿಸಿತು. ಜಗಳ ದುಡ್ಡಿನದ್ದಲ್ಲ. ಬೆಲೆ ತೆರುವವರು ನಾಲ್ಕು ಜನ, ಲೆಕ್ಕ ಹಾಕಿದವರು ಒಬ್ಬರೇ.

ಮೂರನೇ ಭೇಟಿಗೆ ಇಬ್ಬರೂ ಬಂದರು. ಈ ಸಲ ನಾನು ಹೊಸ ವಾಕ್ಯ ಹುಡುಕಲಿಲ್ಲ. ಅವರದ್ದೇ ಲೂಕ 14 ತೆಗೆಸಿ, 26ರಿಂದ ಇನ್ನೆರಡು ವಾಕ್ಯ ಮುಂದೆ ಓದಿ ಅಂದೆ. ಗೋಪುರ ಕಟ್ಟಬೇಕೆನ್ನುವವನು ಮೊದಲು ಕೂತು ಖರ್ಚಿನ ಲೆಕ್ಕ ಹಾಕುತ್ತಾನೆ ಅಂತ ಅಲ್ಲೇ ಉಂಟು. 11 ವರ್ಷ ಲೆಕ್ಕ ಬರೆದವರು. ಓದಿ ತಲೆ ತಗ್ಗಿಸಿದರು.

ಒಂದು ಹಾಳೆ ಕೊಟ್ಟು ಬರೆಯಲು ಹೇಳಿದೆ. ಈ ತೀರ್ಮಾನಕ್ಕೆ ಯಾರು ಏನು ಕೊಟ್ಟರು? ಅವರು ತಮ್ಮ ಸಂಬಳ ಬರೆದು ನಿಲ್ಲಿಸಿದರು. ಉಳಿದದ್ದನ್ನು ಹೆಂಡತಿ ಹೇಳಿದರು, ಅವರು ಬರೆದರು. ಸೊಸೈಟಿಯಲ್ಲಿ ಅಡವಿಟ್ಟ ಎರಡು ಬಳೆ. ಮಗಳು ಬಿಟ್ಟ ಪಿಯುಸಿ ಟ್ಯೂಷನ್. ಶುಗರಿನ ಮಾತ್ರೆಯನ್ನು ದಿನ ಬಿಟ್ಟು ದಿನ ನುಂಗುತ್ತಿದ್ದ ತೂಕದವರ ಅಮ್ಮ. ಈ ಕೊನೆಯದ್ದು ಮಗನಿಗೆ ಗೊತ್ತೇ ಇರಲಿಲ್ಲ. ಪೆನ್ನು ಅಲ್ಲೇ ನಿಂತಿತು.

ಸ್ವಲ್ಪ ಹೊತ್ತಿನ ನಂತರ, "ನಮ್ಮ ಹಿರಿಯರು ಮನೆ ಗದ್ದೆ ಎಲ್ಲ ಬಿಟ್ಟು ಕ್ರೈಸ್ತ ಸಭೆಗೆ ಬಂದವ್ರು ಟೀಚರ್. ಅವ್ರು ಲೆಕ್ಕ ಹಾಕಿದ್ರಾ?" ಅಂದರು. ಒಳ್ಳೆಯ ಪ್ರಶ್ನೆ. ನಮ್ಮ ಕರಾವಳಿಯಲ್ಲಿ ಇದು ಕಥೆಯಲ್ಲ, ಅಜ್ಜ ಅಜ್ಜಿಯರ ಬದುಕು. ಬಾಸೆಲ್ ಮಿಶನ್ ಅನ್ನುವ ಕ್ರೈಸ್ತ ಧರ್ಮಪ್ರಚಾರ ಸಂಸ್ಥೆ ಮಂಗಳೂರಿಗೆ ಬಂದದ್ದು 1834ರಲ್ಲಿ. ದೀಕ್ಷಾಸ್ನಾನ ತೆಗೆದುಕೊಂಡವರಲ್ಲಿ ಎಷ್ಟೋ ಜನ ಮನೆ, ಜಾತಿ, ಕಸುಬು ಎಲ್ಲ ಕಳೆದುಕೊಂಡರು. ಹಾಗಂತ ಅವರನ್ನು ಮರದಡಿ ಕೂರಲು ಬಿಡಲಿಲ್ಲ. ಮಗ್ಗ ಹಾಕಿದರು, ಅಚ್ಚುಕೂಟ ನಡೆಸಿದರು, 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆಗೆದರು. ಆ ಮಿಶನಿನಲ್ಲಿ ಎಲ್ಲವೂ ಸರಿ ಇತ್ತು ಅಂತ ನಾನು ಹೇಳುವುದಿಲ್ಲ. ಆದರೆ ಒಬ್ಬನ ನಷ್ಟವನ್ನು ಅವನ ಹೆಂಡತಿಯ ತಲೆಗೆ ಮಾತ್ರ ಕಟ್ಟಬಾರದು ಅನ್ನುವಷ್ಟು ಅವರಿಗೆ ಗೊತ್ತಿತ್ತು.

ಬಿಟ್ಟು ಬಂದವನಿಗೆ ಈಗಲೇ ನೂರರಷ್ಟು ಮನೆ, ಅಣ್ಣತಮ್ಮಂದಿರು, ತಾಯಂದಿರು ಸಿಗುತ್ತಾರೆ ಅಂತ ಮಾರ್ಕ 10ರಲ್ಲಿ ಉಂಟು. ಜೊತೆಗೆ ಹಿಂಸೆಯೂ ಸಿಗುತ್ತದೆ ಅಂತ ಅದೇ ವಾಕ್ಯ ಹೇಳುತ್ತದೆ, ಅದನ್ನು ನಾವು ಮೆಲ್ಲಗೆ ಓದುತ್ತೇವೆ. ಈ ನೂರು ಮನೆ ಎಲ್ಲಿಂದ ಬರಬೇಕು? ಸಭೆಯಿಂದಲ್ವಾ? ಹದಿನಾಲ್ಕು ಜನ ಆಮೆನ್ ಅಂದು, ಟೀ ಕುಡಿದು ಹೋದರು. ಮಗಳ ಫೀಸು ಕಟ್ಟಿ ಆಯ್ತಾ ಅಂತ ಒಬ್ಬರೂ ಕೇಳಲಿಲ್ಲ. ಅವರ ತಪ್ಪೂ ಅಲ್ಲ. ಸಾಕ್ಷಿಯಲ್ಲಿ ಗೆಲುವು ಮಾತ್ರ ಇತ್ತು.

ನಾನು ಕೊಟ್ಟ ಸಲಹೆ ಇಷ್ಟು. ಆ ಒಂಬತ್ತು ದಿನಕ್ಕೆ ಹೆಂಡತಿಯ ಹತ್ತಿರ ಕ್ಷಮೆ ಕೇಳಿ, ಒಂದು ವಾಕ್ಯವನ್ನೂ ಸೇರಿಸಬೇಡಿ. ಸ್ವಲ್ಪ ಸಮಯ ಸಾಕ್ಷಿ ಹೇಳಬೇಡಿ. ಹೇಳುವುದಾದರೆ ಮೊದಲು ಮನೆಯಲ್ಲಿ ಹೇಳಿ ನೋಡಿ, ಹೆಂಡತಿ ಹೌದು ಅಂದರೆ ಮಾತ್ರ ಹೊರಗೆ. ಸಭಾಪಾಲಕರನ್ನು ಇಬ್ಬರೂ ಒಟ್ಟಿಗೆ ಕಂಡು, ಫೀಸಿನ ವಿಷಯ ಬಾಯಿ ಬಿಟ್ಟು ಕೇಳಿ. ಇದೇ ಅವರಿಗೆ ಎಲ್ಲಕ್ಕಿಂತ ಕಷ್ಟವಾಯಿತು. ಕೆಲಸ ಬಿಡುವುದಕ್ಕೆ ಬೇಕಾದ ಧೈರ್ಯಕ್ಕಿಂತ ಕೈ ಚಾಚುವುದಕ್ಕೆ ಜಾಸ್ತಿ ಬೇಕಂತೆ.

ಇನ್ನೊಂದು ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ದುಡಿದ ವರ್ಷಗಳ ಲೆಕ್ಕದಲ್ಲಿ ಮಾಲೀಕರು ಕೊಡಬೇಕಾದ ದುಡ್ಡು. ಐದು ವರ್ಷ ದಾಟಿ ದುಡಿದವರು ತಾವೇ ರಾಜೀನಾಮೆ ಕೊಟ್ಟರೂ ಅದು ಸಿಗಬೇಕು. ವರ್ಷಕ್ಕೆ 15 ದಿನದ ಸಂಬಳದ ಲೆಕ್ಕ. 11 ವರ್ಷದ ದುಡ್ಡನ್ನು ಇವರು ಕೇಳಿಯೇ ಇರಲಿಲ್ಲ. ಕೇಳಿದರೆ ಮ್ಯಾನೇಜರನ್ನು ಕ್ಷಮಿಸಿದ ಹಾಗೆ ಆಗುವುದಿಲ್ಲ ಅಂತ ಅವರ ಯೋಚನೆ. ಅದು ಹೆಂಡತಿ ಮಕ್ಕಳ ಅನ್ನವೂ ಹೌದು, ದಾನ ಮಾಡುವುದಕ್ಕೆ ಪೂರ್ತಿ ನಿಮ್ಮದಲ್ಲ ಅಂದೆ. ಹೆಂಡತಿ ಆ ದಿನ ಮೊದಲ ಸಲ ನಕ್ಕರು. ಬರವಣಿಗೆಯಲ್ಲಿ ಅರ್ಜಿ ಹೋಯಿತು. ಎರಡು ಸಲ ಕಚೇರಿ ಅಲೆದ ಮೇಲೆ ದುಡ್ಡು ಬಂತು.

ಹೆಂಡತಿಗೂ ಒಂದು ಮಾತು ಹೇಳಿದೆ. ಒಂಬತ್ತು ದಿನದ ಸಿಟ್ಟು ನಿಜ, ಅದನ್ನು ಇಟ್ಟುಕೊಳ್ಳಿ. ಆದರೆ ಅವರು ತಕ್ಕಡಿಯ ಹತ್ತಿರ ಮಾಡಿದ್ದು ಸರಿ ಅಂತ ನಿಮಗೂ ಅನ್ನಿಸಿದ್ದನ್ನು ಒಂದು ಸಲ ಅವರ ಮುಖ ನೋಡಿ ಹೇಳಿ. ಹೇಳಿದರಾ ಇಲ್ಲವಾ, ನನಗೆ ಗೊತ್ತಿಲ್ಲ.

ಕೆಲಸವೂ ಸಿಕ್ಕಿತು, ಹಾಗಂತ ಕಷ್ಟ ಮುಗಿಯಲಿಲ್ಲ. ಆ ತಕ್ಕಡಿಗೆ ಮೀನು ಹಾಕುತ್ತಿದ್ದ ಒಂದು ಬೋಟಿನ ತಂಡೇಲರಿಗೆ, ಅಂದರೆ ಬೋಟು ನಡೆಸುವವರಿಗೆ, ಹೇಗೋ ಸುದ್ದಿ ಗೊತ್ತಾಯಿತು. ನಮ್ಮ ಲೆಕ್ಕ ನೀವೇ ಬರೀರಿ ಮಾರಾಯ್ರೆ ಅಂತ ಮನೆಗೇ ಬಂದರು. ಸಂಬಳ ಮೊದಲಿಗಿಂತ ನಾಲ್ಕು ಸಾವಿರ ಕಮ್ಮಿ. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆಗೆ ರಜೆ. ಬೋಟು ಕಟ್ಟಿ ಹಾಕಿದ ಆ 61 ದಿನ ಇವರಿಗೆ ಅರ್ಧ ಸಂಬಳ. ಬಳೆ ಇನ್ನೂ ಸೊಸೈಟಿಯಲ್ಲೇ ಉಂಟು. ಶರ್ಟಿಗೆ ವಾಸನೆ ವಾಪಸ್ ಬಂದಿದೆ.

ಮೊನ್ನೆ ಚರ್ಚಿನ ಬೆಳೆಹಬ್ಬದಲ್ಲಿ ಹೆಂಡತಿ ಸಿಕ್ಕಿದರು. ತೆಂಗಿನಕಾಯಿ, ಸೌತೆಕಾಯಿ ಏಲಂ ಜೋರಾಗಿ ನಡೆಯುತ್ತಿತ್ತು. ನನ್ನನ್ನು ಬದಿಗೆ ಎಳೆದು ಹೇಳಿದರು. ಹೊಸ ಜಾಗದಲ್ಲೂ ಡೀಸೆಲ್ ಲೆಕ್ಕದಲ್ಲಿ ಏನೋ ಒಂದು ಹೆಚ್ಚು ಕಮ್ಮಿ ಬರೆಯಲು ಕೇಳಿದ್ದಾರಂತೆ.

"ಆ ದಿನ ಮಧ್ಯಾಹ್ನವೇ ಮನೆಗೆ ಬಂದ್ರು ಟೀಚರ್. ಬುತ್ತಿ ಬಿಚ್ಚಿರ್ಲಿಲ್ಲ. ಇಬ್ರೂ ಕೂತು ಅದನ್ನೇ ಉಂಡ್ವಿ. ಆಮೇಲೆ ಹಾಳೆ ತೆಗೆದ್ರು."